ಭಾನುವಾರದ ರ‍್ಯಾಪ್ ಗುಂಪು ನಿಲ್ಲಿಸಲಾ, ಮುಂದುವರಿಸಲಾ? ಕೋಲಾರ ಜಿಲ್ಲೆಯವರು ಹೇಳಿ

ಭಾನುವಾರದ ಅಕ್ಕ | ಭಾನುವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ಪಿಯು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಎಂಟು ತಿಂಗಳಿಂದ ಪ್ರತಿ ಭಾನುವಾರ ಸಂಜೆ 4ರಿಂದ 6ರವರೆಗೆ ಖಾಲಿ ಬಿದ್ದಿದ್ದ ಒಂದು ಕೋಣೇಲಿ ಹುಡುಗರನ್ನ ಸೇರಿಸಿಕೊಂಡು ಹಿಪ್ ಹಾಪ್ ಮಾಡಿಸ್ತಿದ್ದೀನಿ. ಹದಿನಾರು ಜನ, 14ರಿಂದ 20 ವಯಸ್ಸು. ಎಸೆಸೆಲ್ಸಿ ಫೇಲಾಗಿ ಮನೇಲಿ ಕೂತವರು ಇದ್ದಾರೆ, ನರಸಾಪುರದ ಕಂಪನಿಗಳಿಗೆ ಕಾಂಟ್ರಾಕ್ಟ್ ಮೇಲೆ ಹೋಗಿಬರೋರು ಇದ್ದಾರೆ, ಪಿಯು ಓದ್ತಿರೋರೂ ಇದ್ದಾರೆ. ನನಗೆ ಹಾಡೋಕೆ ಬರಲ್ಲ. ನನ್ನ ತಮ್ಮ ಬೆಂಗಳೂರಲ್ಲಿ ಬ್ರೇಕಿಂಗ್ (ಹಿಪ್ ಹಾಪ್ ಡ್ಯಾನ್ಸ್) ಕಲಿತು ಬಂದ, ಅವನಿಂದ ಶುರುವಾಯ್ತು. ಒಂದು ಬ್ಲೂಟೂತ್ ಸ್ಪೀಕರ್, ನೆಲಕ್ಕೆ ಹಾಸೋಕೆ ಫ್ರಿಜ್ ಬಂದಿದ್ದ ರಟ್ಟಿನ ಡಬ್ಬ ಬಿಚ್ಚಿದ್ದು, ಇಷ್ಟೇ ಸಾಮಾನು.

ಮೊದಲು ಸುತ್ತು ಕೂತು ಈ ವಾರ ಹೇಗಿತ್ತು ಅಂತ ಒಬ್ಬೊಬ್ಬರು ಒಂದು ಸಾಲು ಹೇಳಬೇಕು. ಪ್ರಾಸ ಇರಲೇಬೇಕು ಅಂತಿಲ್ಲ. ಒಬ್ಬರು ಹೇಳುವಾಗ ಉಳಿದವರು ತೊಡೆ ತಟ್ಟಿ ತಾಳ ಹಿಡೀಬೇಕು, ನಗೋ ಹಾಗಿಲ್ಲ. ಆಮೇಲೆ ಬರೆಯೋದು, ಕೊನೆಗೆ ಡ್ಯಾನ್ಸು.

ಒಬ್ಬ ಹುಡುಗ ಮೂರು ತಿಂಗಳು ಬರೀ ತಾಳ ಹಿಡಿದ. ಬಾಗಿಲ ಹತ್ತಿರ, ಚಪ್ಪಲಿ ಬಿಡೋ ಜಾಗದಲ್ಲೇ ಕೂರೋನು. ಸರದಿ ಬಂದಾಗ ತಲೆ ಅಲ್ಲಾಡಿಸೋನು, ಮುಂದಿನವನಿಗೆ ಹೋಗ್ತಿತ್ತು. ನಾಲ್ಕನೇ ತಿಂಗಳಲ್ಲಿ ಒಂದು ದಿನ ನೋಟ್‌ಬುಕ್ ಹಾಳೆ ನಾಲ್ಕಾಗಿ ಮಡಿಸಿ ಜೇಬಲ್ಲಿ ಇಟ್ಕೊಂಡು ಬಂದ. ಬೆವರಿಗೆ ಇಂಕು ಹರಡಿತ್ತು. ಎದ್ದು ನಿಂತು ಓದಿದ. ಬತ್ತಿಹೋದ ಬೋರು, ಅದರ ಸಾಲ, ಮನೆಯ ಸಂಜೆಗಳು. ಓದಿ ಮುಗಿಸಿದ ಮೇಲೂ ತಾಳ ನಿಲ್ಲಲಿಲ್ಲ, ಹುಡುಗರು ಹಾಗೇ ತಟ್ತಾ ಕೂತಿದ್ದರು. ಅವತ್ತಿಂದ ಅವನು ಮಾತಾಡೋಕೆ ಶುರು ಮಾಡಿದ, ಬಿಟ್ಟಿದ್ದ ಕಾಲೇಜಿಗೂ ಹೋದ.

(ತಿದ್ದಿದ್ದು: ಇಲ್ಲಿ ಅವನ ನಾಲ್ಕು ಸಾಲು ಹಾಕಿದ್ದೆ. ಅದನ್ನೂ ಊರಿನ ಗುರುತನ್ನೂ ತೆಗೆದಿದ್ದೀನಿ. ಕಾರಣ ಕೆಳಗಿದೆ.)

ತಪ್ಪಾಗಿದ್ದು ಗಣೇಶನ ಹಬ್ಬದಲ್ಲಿ. ಪೆಂಡಾಲ್ ಹುಡುಗರು ಕೇಳಿದರು, ನಮ್ಮವರು ಸ್ಟೇಜ್ ಹತ್ತಿದರು. ನಾನೂ ಖುಷಿಯಾಗಿ ಕಳಿಸಿದೆ. ಇವನು ಬೇರೆ ಹಾಡು ಹೇಳ್ತೀನಿ ಅಂದಿದ್ದವನು ಮೈಕ್ ಸಿಕ್ಕಿದ ಮೇಲೆ ಆ ಹಾಡೇ ಹೇಳಿಬಿಟ್ಟ. ಅವನ ಚಿಕ್ಕಪ್ಪ ಮುಂದೇನೇ ನಿಂತಿದ್ದ. ರಾತ್ರಿ ಮನೇಲಿ ದೊಡ್ಡ ಗಲಾಟೆ ಆಗಿದೆ. ಮೂರು ವಾರದಿಂದ ಹುಡುಗ ಬಂದಿಲ್ಲ. ಈಗ ಬೇರೆ ಮಕ್ಕಳ ಅಪ್ಪ ಅಮ್ಮ ಕೇಳ್ತಿದ್ದಾರೆ: "ಮನೆ ವಿಷ್ಯ ಬೀದೀಲಿ ಹೇಳೋದನ್ನ ಕಲಿಸ್ತೀಯೇನಮ್ಮ ನೀನು?"

ನಿದ್ದೆ ಬರ್ತಿಲ್ಲ. ನಿಲ್ಲಿಸಲಾ? ಇಂಥದ್ದು ಮಾಡಿ ಅನುಭವ ಇರೋರು ದಯವಿಟ್ಟು ಹೇಳಿ.

ಟೊಮೆಟೊ ಮಂಡಿ | 9:31

ನಿಲ್ಲಿಸಬೇಡಿ ಅಕ್ಕ.

ಅಂತರಗಂಗೆ | 9:48

ನಾನು ಒಪ್ಪಲ್ಲ. ರ‍್ಯಾಪ್ ಅಂದ್ರೆ ಬೈಗುಳ, ಗಾಂಜಾ, ದೊಡ್ಡ ಕಾರು, ಹೆಣ್ಣುಮಕ್ಕಳನ್ನ ಕೀಳಾಗಿ ನೋಡೋದು. ನನ್ನ ಮಗ ಹಗಲು ರಾತ್ರಿ ಇಯರ್‌ಫೋನ್ ಹಾಕ್ಕೊಂಡು ಅದನ್ನೇ ಕೇಳ್ತಾನೆ, ನಮ್ಮ ಜೊತೆ ಎರಡು ಮಾತಿಲ್ಲ. ಮನಸ್ಸು ಸರಿ ಇಲ್ಲದ ಮಕ್ಕಳಿಗೆ ಯೋಗ ಇದೆ, ಆಟ ಇದೆ, ನಮ್ಮದೇ ಜನಪದ ಹಾಡಿದೆ. 1979ರಲ್ಲಿ ಅಮೆರಿಕದ ಗ್ಯಾಂಗಿನವರು ಶುರು ಮಾಡಿದ್ದನ್ನ ನಮ್ಮ ಮಕ್ಕಳಿಗೆ ಯಾಕೆ?

ಬಿ-ಬಾಯ್ ಮುಳಬಾಗಿಲು | 10:05

ಅಂಕಲ್, 1979 ಅಲ್ಲ, 1973. ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1520 ಸೆಡ್ಜ್‌ವಿಕ್ ಅವೆನ್ಯೂ ಅನ್ನೋ ಅಪಾರ್ಟ್‌ಮೆಂಟಿನ ಕಮ್ಯುನಿಟಿ ಹಾಲು. ಸಿಂಡಿ ಕ್ಯಾಂಪ್‌ಬೆಲ್ ಅನ್ನೋ ಹುಡುಗಿ, ಸ್ಕೂಲ್ ಶುರುವಾಗೋ ಮುಂಚೆ ಹೊಸ ಬಟ್ಟೆಗೆ ದುಡ್ಡು ಬೇಕು ಅಂತ ಟಿಕೆಟ್ ಇಟ್ಟು ಪಾರ್ಟಿ ಮಾಡಿದಳು. ಅವಳ ಅಣ್ಣ ಕೂಲ್ ಹರ್ಕ್ ಹಾಡು ಹಾಕಿದ. ಹಾಡಿನಲ್ಲಿ ಬರೀ ಡ್ರಮ್ ಬರೋ ತುಂಡು ಇರುತ್ತಲ್ಲ, ಜನ ಕುಣಿಯೋದು ಅಲ್ಲೇ ಅಂತ ಗಮನಿಸಿ, ಎರಡು ರೆಕಾರ್ಡ್ ಇಟ್ಕೊಂಡು ಆ ತುಂಡನ್ನೇ ಉದ್ದ ಮಾಡಿದ. ಆ 'ಬ್ರೇಕ್'ನಲ್ಲಿ ಕುಣಿಯೋದಕ್ಕೇ ಬ್ರೇಕಿಂಗ್ ಅನ್ನೋದು. 1979 ಅಂದ್ರೆ ರ‍್ಯಾಪ್ ರೆಕಾರ್ಡ್ ಮೊದಲನೇ ಸಲ ದೊಡ್ಡದಾಗಿ ಹಿಟ್ ಆದ ವರ್ಷ.

ಗ್ಯಾಂಗ್ ವಿಷ್ಯಕ್ಕೆ ಬಂದ್ರೆ, 1971ರ ಡಿಸೆಂಬರ್‌ನಲ್ಲಿ ಘೆಟ್ಟೋ ಬ್ರದರ್ಸ್ ಅನ್ನೋ ಗುಂಪಿನವನೊಬ್ಬ ಜಗಳ ಬಿಡಿಸೋಕೆ ಹೋಗಿ ಕೊಲೆಯಾದ. ಅವರು ಸೇಡು ತೀರಿಸಿಕೊಳ್ಳಲಿಲ್ಲ, ಎಲ್ಲಾ ಗ್ಯಾಂಗುಗಳನ್ನ ಕೂರಿಸಿ ಒಪ್ಪಂದ ಮಾಡಿಕೊಂಡರು. ಒಂದು ಬೀದಿಯ ಹುಡುಗರು ಇನ್ನೊಂದು ಬೀದಿಗೆ ಹೋಗಿ ಕುಣಿಯೋಕೆ ಆಗಿದ್ದು ಆಮೇಲೆ. ಗ್ಯಾಂಗ್‌ಗಳ ಜಗಳ ತಣ್ಣಗಾದ ಜಾಗದಲ್ಲಿ ಬೆಳೆದಿದ್ದು ಅಂಕಲ್ ಇದು.

ಅಂತರಗಂಗೆ | 10:11

ವರ್ಷ ತಪ್ಪಿದ್ದಕ್ಕೆ ತಿದ್ದಿದ್ದು ಸರಿ. ಆದ್ರೆ ನನ್ನ ಮಗ ಕೇಳೋದು ಅದಲ್ಲ, ಈಗಿಂದು. ಅದರಲ್ಲಿ ಬೈಗುಳ ಇಲ್ಲ ಅನ್ನಿ ನೋಡೋಣ.

ಬಿ-ಬಾಯ್ ಮುಳಬಾಗಿಲು | 10:14

ಇದೆ. ಕೇಳೋದು ಬೇರೆ, ಬರೆಯೋದು ಬೇರೆ. ನೀವು ಒಂದ್ಸಲ ಮಗನ್ನ ಕೇಳಿ, "ನೀನೇನಾದ್ರೂ ಬರೆದಿದ್ದೀಯಾ" ಅಂತ.

ಆಪ್ತ ಸಮಾಲೋಚಕಿ, ಕೋಲಾರ | 10:40

ಭಾನುವಾರದ ಅಕ್ಕ, ಮೊದಲು ಒಂದು ಮಾತು. ಆ ನಾಲ್ಕು ಸಾಲನ್ನ ಇಲ್ಲಿ ಹಾಕೋಕೆ ಹುಡುಗನ್ನ ಕೇಳಿದ್ರಾ? ಊರು, ಕಟ್ಟಡ ಎಲ್ಲಾ ಬರೆದಿದ್ದೀರಿ. ನಿಮ್ಮೂರಿನವರು ಓದಿದ್ರೆ ಎರಡೇ ನಿಮಿಷದಲ್ಲಿ ಯಾರ ಮನೆ ಅಂತ ಗೊತ್ತಾಗುತ್ತೆ. ಗಣೇಶನ ಪೆಂಡಾಲಿನಲ್ಲಿ ಆಗಿದ್ದೇ ಇಲ್ಲೂ ಆಗ್ತಿದೆ. ದಯವಿಟ್ಟು ಈಗಲೇ ತೆಗೆಯಿರಿ. ಬೇಜಾರಾಗಬೇಡಿ, ನಾಳೆ ಬೆಳಗ್ಗೆ ವಿವರವಾಗಿ ಬರೀತೀನಿ.

ಭಾನುವಾರದ ಅಕ್ಕ | 10:46

ತೆಗೆದೆ. ಕೇಳಿರಲಿಲ್ಲ. ಹೊಳೆಯಲೇ ಇಲ್ಲ ನನಗೆ. ಸಾಲು ಚೆನ್ನಾಗಿದೆ, ನಾಲ್ಕು ಜನ ನೋಡಲಿ ಅನ್ನೋದೊಂದೇ ತಲೇಲಿತ್ತು.

ವೇದಿಕೆ ನಿರ್ವಾಹಕ | 10:52

ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿದ್ದರೆ ಅಳಿಸಿ. ಆ ಸಾಲುಗಳನ್ನು ಇಲ್ಲಿ ಮತ್ತೆ ಹಾಕುವಂತಿಲ್ಲ.

ಮಾರಿಕುಪ್ಪಂ ಪ್ಯಾಸೆಂಜರ್ | 11:20

ನಂದು ಕೆಜಿಎಫ್. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ನಾನು ಆರನೇ ಕ್ಲಾಸು. ನಮ್ಮ ಲೈನ್ ಮನೆಗಳಲ್ಲಿ ಅವತ್ತಿಂದ ಗಂಡಸರು ಹಗಲು ಹೊತ್ತಲ್ಲಿ ಮನೆ ಮುಂದೆ ಕೂತಿರೋದು ಕಾಣೋಕೆ ಶುರುವಾಯ್ತು. ಅದಕ್ಕೆ ಮುಂಚೆ ನಾವು ಅಪ್ಪನ್ನ ಬೆಳಕಲ್ಲಿ ನೋಡ್ತಿದ್ದಿದ್ದೇ ಕಡಿಮೆ. ಭೂಮಿ ಒಳಗೆ ಮೂರು ಕಿಲೋಮೀಟರ್ ಇಳಿದು ಬಂದ ಮನುಷ್ಯ ಮನೆ ಹೊಸ್ತಿಲು ದಾಟೋಕೆ ಕಷ್ಟಪಡ್ತಿದ್ದ. ಯಾರೂ ಏನೂ ಕೇಳಲಿಲ್ಲ ಅವರನ್ನ. ನಮ್ಮನ್ನೂ ಕೇಳಲಿಲ್ಲ.

ನಾನು ಬೆಳಗಿನ ಟ್ರೇನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗೋಕೆ ಶುರು ಮಾಡಿದಾಗ ಫುಟ್‌ಬೋರ್ಡಲ್ಲಿ ನಾಲ್ಕು ಹುಡುಗರು ಸೇರಿ ಡಬ್ಬಿ ಬಡಿತಾ ತಮಿಳಲ್ಲಿ ಗಾನಾ (ಬೀದಿ ಹಾಡು) ಹೇಳ್ತಿದ್ದರು. ಆಮೇಲೆ ಅದೇ ರ‍್ಯಾಪ್ ಆಯ್ತು. ಬಂಗಾರಪೇಟೆ ಬರೋವಷ್ಟರಲ್ಲಿ ಒಬ್ಬೊಬ್ಬರು ಒಂದು ಸುತ್ತು ಹೇಳಿ ಮುಗಿಸಬೇಕು. ನಾನು ಅಪ್ಪನ ಬಗ್ಗೆ ಮೊದಲ ಸಲ ಮಾತಾಡಿದ್ದು ಆ ಬಾಗಿಲಲ್ಲಿ. ಗಾಳಿ ಸದ್ದಿಗೆ ಅರ್ಧ ಯಾರಿಗೂ ಕೇಳಿಸಿರಲ್ಲ. ಆದ್ರೂ ಹೇಳಿ ಆಗಿತ್ತು.

ಬ್ರಾಂಕ್ಸ್ ಕಥೆ ಓದಿದಾಗ ನನಗೆ ಹೊಸದು ಅನ್ನಿಸಲೇ ಇಲ್ಲ. ಕೆಲಸ ಹೋದ ಊರು, ಸುಟ್ಟ ಕಟ್ಟಡ, ಖಾಲಿ ಜಾಗ. ನಮ್ಮಲ್ಲಿ ಕಟ್ಟಡದ ಬದಲು ಸೈನೈಡ್ ಗುಡ್ಡ, ಚಿನ್ನ ತೆಗೆದು ಸುರಿದ ಗಣಿ ಮಣ್ಣಿನ ರಾಶಿ.

ಅಕ್ಕ, ನಿಲ್ಲಿಸಬೇಡಿ. ನಮಗೆ ಅಂಥ ಒಂದು ಕೋಣೆ ಇದ್ದಿದ್ದರೆ ಫುಟ್‌ಬೋರ್ಡಲ್ಲಿ ನೇತಾಡೋ ಅಗತ್ಯ ಇರ್ತಿರಲಿಲ್ಲ.

ಶ್ರೀನಿವಾಸಪುರ ಮಾವು | 11:34

ಒಳ್ಳೇ ಮಾತು ಅಣ್ಣ. ಆದ್ರೆ ಒಂದು ಬೇಡಿಕೆ. ಈ ಗುಂಪುಗಳಲ್ಲಿ ಕನ್ನಡದಲ್ಲೇ ಬರೆಸಬೇಕು. ಮೊದಲೇ ಗಡಿ ಜಿಲ್ಲೆ. ತಮಿಳು, ತೆಲುಗು, ಉರ್ದು ಎಲ್ಲಾ ಕಲಸಿದ್ರೆ ಕನ್ನಡಕ್ಕೆ ಏನು ಉಳೀತು?

ಮಾರಿಕುಪ್ಪಂ ಪ್ಯಾಸೆಂಜರ್ | 11:37

ನಾನು ಇಲ್ಲಿ ಕನ್ನಡದಲ್ಲೇ ಬರೀತಿದ್ದೀನಲ್ಲ ಅಣ್ಣ. ಅಪ್ಪ ಬೈದಿದ್ದು ತಮಿಳಲ್ಲಿ. ಅದನ್ನ ತರ್ಜುಮೆ ಮಾಡಿ ಅಳೋಕೆ ಆಗಲ್ಲ.

ಕನ್ನಡ ಮೇಷ್ಟ್ರು (ನಿವೃತ್ತ) | ಸೋಮವಾರ ಬೆಳಗ್ಗೆ 6:15

ಶ್ರೀನಿವಾಸಪುರದವರೇ, ಕೈವಾರ ತಾತಯ್ಯನವರು ತೆಲುಗಿನಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. (ಕೈವಾರ 2007ರವರೆಗೆ ನಮ್ಮ ಜಿಲ್ಲೆಯೇ, ಈಗ ಚಿಕ್ಕಬಳ್ಳಾಪುರ.) ಅವರ ಪದ ಹಾಡುವ ಭಜನೆ ಮನೆಗಳಲ್ಲಿ ಇದು ಯಾವ ಭಾಷೆ ಎಂದು ಯಾರೂ ಜಗಳ ಆಡಿದ್ದು ನಾನು ಕಂಡಿಲ್ಲ. ಮಗು ಮೊದಲು ಬಾಯಿ ಬಿಡಲಿ. ಕನ್ನಡ ತಿದ್ದುವ ಕೆಲಸ ನನ್ನಂಥವರಿಗೆ ಇದ್ದೇ ಇದೆ.

ಅಂತರಗಂಗೆಯವರು 'ನಮ್ಮದೇ ಜನಪದ' ಎಂದರು. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಲಾವಣಿ ಕೇಳಿದ್ದೀರಾ? ಒಂದು ಮೇಳ ಸವಾಲು ಹಾಕುತ್ತದೆ, ಇನ್ನೊಂದು ಅಲ್ಲೇ ಪದ ಕಟ್ಟಿ ಜವಾಬು ಕೊಡುತ್ತದೆ. ರಾತ್ರಿಯಿಡೀ. ನನ್ನ ಮೊಮ್ಮಗ ರ‍್ಯಾಪ್ ಬ್ಯಾಟಲ್ ಎಂದು ತೋರಿಸಿದಾಗ ನನಗೆ ನೆನಪಾದದ್ದು ಅದೇ.

ಛಂದಸ್ಸಿನ ಲೆಕ್ಕವೂ ಹೊಂದುತ್ತದೆ. ರ‍್ಯಾಪಿನ ಒಂದು 'ಬಾರ್' ಎಂದರೆ ನಾಲ್ಕು ಬೀಟು, ಒಂದೊಂದು ಬೀಟನ್ನು ನಾಲ್ಕಾಗಿ ಒಡೆದರೆ 16 ಎಂದು ಮೊಮ್ಮಗ ಹೇಳಿದ. ನಮ್ಮ ಮಂದಾನಿಲ ರಗಳೆಯ ಸಾಲು ಏನು? ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು 16. ಅವನ ಫೋನಿನ ಬೀಟಿಗೆ ನಾನು ರಗಳೆ ಓದಿದೆ. ಕೂತಿತು. ಅವನು ಅವತ್ತು ಮೊದಲ ಬಾರಿಗೆ ಲಘು-ಗುರು ಹಾಕುವುದು ಹೇಗೆ ಎಂದು ಕೇಳಿದ. ಮೂವತ್ತೆರಡು ವರ್ಷ ಪಾಠ ಮಾಡಿದ್ದೇನೆ, ಯಾವ ವಿದ್ಯಾರ್ಥಿಯೂ ತಾನಾಗಿ ಅದನ್ನು ಕೇಳಿರಲಿಲ್ಲ.

ಟೊಮೆಟೊ ಮಂಡಿ | 6:40

ಮೇಷ್ಟ್ರೇ, ಆ ವಿಡಿಯೋ ಇದ್ರೆ ಹಾಕಿ.

ಕನ್ನಡ ಮೇಷ್ಟ್ರು (ನಿವೃತ್ತ) | 6:52

ಮೊಮ್ಮಗನ ಒಪ್ಪಿಗೆ ಕೇಳಿ ಹಾಕುತ್ತೇನೆ.

ಆಪ್ತ ಸಮಾಲೋಚಕಿ, ಕೋಲಾರ | 8:30

ರಾತ್ರಿ ಹೇಳಿದ್ದೆನಲ್ಲ, ಈಗ ಬರೀತೀನಿ.

ಹಿಪ್ ಹಾಪ್ ಇಟ್ಕೊಂಡು ಮಕ್ಕಳ ಮನಸ್ಸಿನ ಜೊತೆ ಕೆಲಸ ಮಾಡೋದು ಹೊಸದಲ್ಲ. ಎಡ್ಗರ್ ಟೈಸನ್ ಅನ್ನೋ ಅಮೆರಿಕದ ಸಮಾಜಕಾರ್ಯ ಪ್ರಾಧ್ಯಾಪಕರು 2002ರಲ್ಲಿ 'ಹಿಪ್ ಹಾಪ್ ಥೆರಪಿ' ಅಂತಲೇ ಹೆಸರಿಟ್ಟು ಅಧ್ಯಯನ ಪ್ರಕಟಿಸಿದರು. ಚಿಕ್ಕ ಅಧ್ಯಯನ. ಆಮೇಲೆ ಶಾಲಾ ಸಮಾಲೋಚಕರು ಅದನ್ನ ಮುಂದುವರಿಸಿದರು. ನಮ್ಮ ದೇಶದಲ್ಲೇ ಮುಂಬೈನ ಧಾರಾವಿಯಲ್ಲಿ ಮಕ್ಕಳಿಗೆ ಹಿಪ್ ಹಾಪ್ ಕಲಿಸೋ ಧಾರಾವಿ ಡ್ರೀಮ್ ಪ್ರಾಜೆಕ್ಟ್ ಇದೆ. ಇದು ಯಾಕೆ ಕೆಲಸ ಮಾಡುತ್ತೆ? "ನಿನಗೇನಾಗಿದೆ ಹೇಳು" ಅಂತ ಎದುರು ಕೂತು ಕೇಳಿದ್ರೆ ಹದಿನಾರರ ಹುಡುಗ ನೆಲ ನೋಡ್ತಾನೆ. ಬೀಟಿಗೆ ಸಾಲು ಕಟ್ಟು ಅಂದ್ರೆ ಅವನ ಗಮನ ಪ್ರಾಸದ ಮೇಲೆ ಹೋಗುತ್ತೆ, ಮಾತು ಹಿಂಬಾಗಿಲಿಂದ ಬರುತ್ತೆ. ಬರೆದ ಮೇಲೆ ನೋವು ಹಾಳೆ ಮೇಲಿರುತ್ತೆ. ಅದನ್ನ ತಿದ್ದಬಹುದು, ಹೊಡೆದುಹಾಕಬಹುದು, ಮಡಿಸಿ ಇಡಬಹುದು. ನಿಮ್ಮ ಹುಡುಗ ಮೂರು ತಿಂಗಳು ತಾಳ ಹಿಡಿದನಲ್ಲ, ಅದೂ ಭಾಗವಹಿಸಿದ್ದೇ. ಬಲವಂತ ಮಾಡದೇ ಇದ್ದಿದ್ದು ನೀವು ಮಾಡಿದ ದೊಡ್ಡ ಕೆಲಸ.

ಎಡವಿದ್ದು ಎಲ್ಲಿ? ಸುತ್ತು ಬೇರೆ, ಸ್ಟೇಜು ಬೇರೆ. ಸುತ್ತಿನಲ್ಲಿ ಹೇಳಿದ್ದು ಅಲ್ಲಿಯ ಹದಿನಾರು ಜನರದ್ದು. ಸ್ಟೇಜಿನಲ್ಲಿ ಹೇಳಿದ್ದು ಊರಿನದ್ದು. ಅದಕ್ಕೆ ನಮ್ಮಲ್ಲಿ ಎರಡು ನೋಟ್‌ಬುಕ್ ಮಾಡಿಸ್ತೀವಿ, ಒಂದು ಸುತ್ತಿಗೆ, ಒಂದು ಸ್ಟೇಜಿಗೆ. ಮೊದಲನೇದರಿಂದ ಎರಡನೇದಕ್ಕೆ ಹೋಗಬೇಕಾದ್ರೆ ಬರೆದವನು "ಇದರಲ್ಲಿ ಬರೋ ಇನ್ನೊಬ್ಬರು ಕೇಳಿದ್ರೆ ಏನಾಗುತ್ತೆ" ಅಂತ ಯೋಚಿಸಬೇಕು. ನೀವು ಜೊತೆಗೆ ಕೂತು ಯೋಚಿಸಬೇಕು.

ಇನ್ನೊಂದು, ಇದು ತುಂಬಾ ಮುಖ್ಯ. "ಯಾರಿಗೂ ಹೇಳಲ್ಲ" ಅಂತ ಮಕ್ಕಳಿಗೆ ಮಾತು ಕೊಡಬೇಡಿ. 18 ತುಂಬದ ಮಗು ತನ್ನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಹೇಳಿದ್ರೆ ಪೋಕ್ಸೊ ಕಾಯ್ದೆ ಪ್ರಕಾರ ನೀವು ವರದಿ ಮಾಡಲೇಬೇಕು. ಮಕ್ಕಳ ಸಹಾಯವಾಣಿ 1098. ಸಾಲುಗಳಲ್ಲಿ ಸಾಯೋ ಮಾತು ಬಂದ್ರೆ "ಸೂಪರ್ ಲೈನ್" ಅಂತ ಚಪ್ಪಾಳೆ ತಟ್ಟಿ ಮುಂದೆ ಹೋಗಬೇಡಿ. ಸುತ್ತು ಮುಗಿದ ಮೇಲೆ ಒಬ್ಬನೇ ಇದ್ದಾಗ ನೇರವಾಗಿ ಕೇಳಿ. ಕೇಳೋದ್ರಿಂದ ಆ ಯೋಚನೆ ತಲೆಗೆ ಹಾಕಿದ ಹಾಗೆ ಆಗಲ್ಲ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಕ್ರೀಡಾ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ನಡೆಸೋ ಯುವ ಸ್ಪಂದನದವರನ್ನೂ ಒಂದ್ಸಲ ಭೇಟಿ ಮಾಡಿ. ನಿಮ್ಮ ಕೆಲಸ ಕೇಳೋದು. ಚಿಕಿತ್ಸೆಯ ಭಾರ ನೀವೊಬ್ಬರೇ ಹೊರಬೇಡಿ.

ಬಿ-ಬಾಯ್ ಮುಳಬಾಗಿಲು | 8:47

ಮೇಡಂ ಇದಕ್ಕೆ ಪುರಾವೆನೂ ಇದೆ. ಲಾಜಿಕ್ ಅನ್ನೋ ರ‍್ಯಾಪರ್ 2017ರಲ್ಲಿ ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ ನಂಬರನ್ನೇ ಹಾಡಿನ ಹೆಸರು ಮಾಡಿದ. 2021ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಲಿ ಬಂತು: ಹಾಡಿನ ಬಗ್ಗೆ ಜನ ಜೋರಾಗಿ ಮಾತಾಡ್ತಿದ್ದ 34 ದಿನದಲ್ಲಿ ಸಹಾಯವಾಣಿಗೆ 9,915 ಕರೆ ಜಾಸ್ತಿ ಬಂದ್ವು, 10ರಿಂದ 19 ವಯಸ್ಸಿನವರ ಆತ್ಮಹತ್ಯೆ 5.5% ಕಡಿಮೆ ಆಯ್ತು, ಅಂದ್ರೆ 245 ಜನ. ಒಂದು ಹಾಡು!

ಆಪ್ತ ಸಮಾಲೋಚಕಿ, ಕೋಲಾರ | 9:02

ನಿಜ, ನನಗೂ ಇಷ್ಟದ ಅಧ್ಯಯನ. ಆದ್ರೆ ಹಿಡಿತದಲ್ಲಿ ಹೇಳೋಣ. ಎರಡೂ ಒಟ್ಟಿಗೆ ಆದ್ವು ಅಂತ ಅದು ತೋರಿಸುತ್ತೆ, ಹಾಡೇ ಕಾರಣ ಅಂತ ಖಚಿತ ಮಾಡಲ್ಲ. ಆ ಹಾಡಿನಲ್ಲಿ ಸಹಾಯ ಕೇಳಿ ಬದುಕಿದವನ ಕಥೆ ಇತ್ತು. ನಾವು ಕಲಿಯಬೇಕಾದ್ದು ಅದು. ಕತ್ತಲಲ್ಲೇ ಸಾಲು ಮುಗಿಸಿದ ಹುಡುಗನ್ನ "ಇದಕ್ಕೆ ಮುಂದಿನ ಎಂಟು ಸಾಲು ಏನು?" ಅಂತ ಕೇಳಬಹುದು.

ಮಾಲೂರು ಅಮ್ಮ | 10:20

ಎಲ್ಲರೂ ಹುಡುಗರು ಹುಡುಗರು ಅಂತೀರ. ಹದಿನಾರರಲ್ಲಿ ಹುಡುಗೀರು ಎಷ್ಟು ಜನಮ್ಮ?

ಭಾನುವಾರದ ಅಕ್ಕ | 10:31

ಇಬ್ಬರು. ಒಬ್ಬಳು ಈಗ ಬರ್ತಿಲ್ಲ.

ಮಾಲೂರು ಅಮ್ಮ | 10:45

ಭಾನುವಾರ ಸಂಜೆ ನಾಲ್ಕರಿಂದ ಆರು ಅಂದ್ರೆ ನಮ್ಮ ಮನೇಲಿ ನೀರು ಹಿಡಿಯೋದು, ಹಾಲು ಕರೆಯೋದು, ಒಲೆ ಮುಂದೆ ಕೂರೋದು. ಆರಕ್ಕೆ ಮುಗಿದ್ರೆ ಕತ್ತಲಾಗಿರುತ್ತೆ, ಯಾವ ತಾಯಿ ಕಳಿಸ್ತಾಳೆ? ಆ ಕೋಣೇಲಿ ಶೌಚಾಲಯ ಐತಾ? ಮಧ್ಯಾಹ್ನ ಎರಡಕ್ಕೋ ಮೂರಕ್ಕೋ ಇಡಿ. ಕಿಟಕಿ ಬಾಗಿಲು ತೆಗೆದಿಡಿ. ಒಂದ್ಸಲ ಅಮ್ಮಂದಿರನ್ನ ಕರೆದು ತೋರಿಸಿ.

ನನ್ನ ಮಗಳು ಗೋಧಿ ಹಿಟ್ಟಿನ ಡಬ್ಬದ ಮೇಲೆ ತಾಳ ಹಾಕ್ಕೊಂಡು ಏನೇನೋ ಹೇಳ್ಕೋತಿರ್ತಾಳೆ. ಒಂದಿನ ಬಾಗಿಲ ಹಿಂದೆ ನಿಂತು ಕೇಳಿದೆ. "ಮದುವೆ ಮಾತು ಬಂದಾಗ ಕಾಫಿ ಲೋಟ ನನ್ನ ಕೈಗೇ ಯಾಕೆ" ಅಂತ ಇತ್ತು. ಅವತ್ತು ನಾನೇ ಕಾಫಿ ತಗೊಂಡು ಹೋದೆ ಬಂದವರಿಗೆ.

ಟೊಮೆಟೊ ಮಂಡಿ | 10:49

ಅಮ್ಮಾ 🙏

ಹಲಗೆ ಹುಡುಗ | 12:10

ಬ್ರೇಕಿಂಗ್, ಬೀಟು ಎಲ್ಲಾ ಸರಿ. ಯಾರೂ ತಮಟೆ ಹೆಸರು ಎತ್ತಲಿಲ್ಲ. ನಮ್ಮ ಪಕ್ಕದ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆಗೆ. ಫೋನಿನ ಬೀಟಿಗಿಂತ ಅದು ಎದೆಗೆ ಹೊಡೆಯುತ್ತೆ.

ಶ್ರೀನಿವಾಸಪುರ ಮಾವು | 12:18

ಸೂಪರ್. ನಮ್ಮ ನೆಲದ ವಾದ್ಯ. ಎಲ್ಲಾ ಮಕ್ಕಳ ಕೈಗೂ ತಮಟೆ ಕೊಡಿ, ಸಂಸ್ಕೃತಿ ಉಳಿಯುತ್ತೆ.

ಹಲಗೆ ಹುಡುಗ | 12:40

ಅಣ್ಣಾ, ಅಷ್ಟು ಸುಲಭ ಅಲ್ಲ. ನಮ್ಮ ತಾತ ಅದನ್ನ ಬಡಿದಿದ್ದು ಇಷ್ಟಪಟ್ಟು ಅಲ್ಲ. ಸಾವಿಗೆ, ಜಾತ್ರೆಗೆ ಕರೆದಾಗ ಹೋಗಲೇಬೇಕಿತ್ತು. ಬಡಿದ ಮೇಲೆ ಹೊರಗೆ ನಿಂತು ಊಟ. ನಮ್ಮಪ್ಪ ಹದಿನೆಂಟನೇ ವಯಸ್ಸಿಗೆ ಅದನ್ನ ಅಟ್ಟಕ್ಕೆ ಹಾಕಿ "ನನ್ನ ಮಕ್ಕಳು ಮುಟ್ಟಕೂಡದು" ಅಂದ. ಎಪ್ಪತ್ತು ಎಂಬತ್ತರ ದಶಕದಲ್ಲಿ ದಲಿತ ಚಳವಳಿಯವರು ಕೋಲಾರದ ಬೀದೀಲಿ ಅದೇ ಹಲಗೆ ಹಿಡಿದು ಹೋರಾಟದ ಹಾಡು ಹೇಳಿದಾಗ ಅದರ ಅರ್ಥ ಬೇರೆ ಆಯ್ತು. ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡು ನಡೆಯೋದು ನಿಮಗೆ ಗೊತ್ತಿರುತ್ತೆ. ನಾನು ಮೊದಲ ಸಲ ಕೈಗೆ ತಗೊಂಡಿದ್ದು ಅಲ್ಲಿಗೆ ಹೋಗಿಬಂದ ಮೇಲೆ, ಅಪ್ಪನ ಹತ್ತಿರ ಮೂರು ದಿನ ಜಗಳ ಆಡಿ.

ಬೆಂಕಿಗೆ ಹಿಡಿದು ಕಾಯಿಸ್ತೀವಲ್ಲ, ಚರ್ಮ ಬಿಗಿಯಾಗ್ತಾ ಬೆರಳಿಗೆ ಸದ್ದು ಬದಲಾಗುತ್ತೆ. ಆ ಐದು ನಿಮಿಷ ಸುತ್ತ ನಿಂತವರೆಲ್ಲ ಸುಮ್ಮನಾಗ್ತಾರೆ. ಅದನ್ನ ಮಕ್ಕಳಿಗೆ ತೋರಿಸೋಕೆ ನಾನು ರೆಡಿ. ಆದ್ರೆ ಆ ಕಥೇನೂ ಹೇಳ್ತೀನಿ. ಕಥೆ ಬಿಟ್ಟು ಬರೀ ವಾದ್ಯ ಬೇಕು ಅಂದ್ರೆ ನಾನು ಬರಲ್ಲ.

ಶ್ರೀನಿವಾಸಪುರ ಮಾವು | 12:58

ನಾನು ಹಾಗೆ ಯೋಚಿಸಿರಲಿಲ್ಲ ತಮ್ಮಾ. ತಪ್ಪಾಯ್ತು. ಕಥೆ ಸಮೇತ ಹೇಳಿ.

ಬೆತ್ತಮಂಗಲ ಕೆರೆ | 1:15

ಬೋರ್ ಬತ್ತೋ ಮಾತು ಬಂತಲ್ಲ, 2018ರಲ್ಲಿ ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ನಮ್ಮ ಕಡೆ ಅಂತರ್ಜಲ ಮೇಲೆ ಬಂದೈತೆ.

ಟೊಮೆಟೊ ಮಂಡಿ | 1:19

ಬೆಂಗಳೂರಿನ ಕೊಳಚೆನ ಎರಡೇ ಹಂತ ಶುದ್ಧ ಮಾಡಿ ಬಿಟ್ಟವ್ರೆ. ಮೂರನೇ ಹಂತ ಯಾವಾಗ ಅಂತ ಕೇಳಿ ಮೊದಲು.

ಬೆತ್ತಮಂಗಲ ಕೆರೆ | 1:22

ಕೆರೆ ಒಣಗಿ ಜಾಲಿ ಬೆಳೆದಿತ್ತಲ್ಲ, ಅದೇ ಚೆನ್ನಾಗಿತ್ತಾ?

ವೇದಿಕೆ ನಿರ್ವಾಹಕ | 1:30

ಕೆ.ಸಿ. ವ್ಯಾಲಿಗೆ ಬೇರೆ ಚರ್ಚೆ ಇದೆ, ಇಬ್ಬರೂ ಅಲ್ಲಿಗೆ ಹೋಗಿ.

ಬಿ-ಬಾಯ್ ಮುಳಬಾಗಿಲು | 2:05

ಅಕ್ಕ, ರಟ್ಟಿನ ವಿಷ್ಯ. ಬ್ರಾಂಕ್ಸ್‌ನಲ್ಲೂ ರಟ್ಟೇ ಹಾಸ್ತಿದ್ದರು, ಜಾರೋಕೆ ಚೆನ್ನಾಗಿರುತ್ತೆ. ಆದ್ರೆ ಪೆಟ್ಟು ತಡೆಯಲ್ಲ. ತಲೆ ಮೇಲೆ ತಿರುಗೋದನ್ನ ವಿಡಿಯೋ ನೋಡಿ ಮಾಡೋಕೆ ಬಿಡಬೇಡಿ, ಕುತ್ತಿಗೆ ಹೋಗುತ್ತೆ. ಮೊದಲು ನಿಂತು ಹಾಕೋ ಹೆಜ್ಜೆ, ಆಮೇಲೆ ಕೈ ಊರಿ ಹಾಕೋ ಹೆಜ್ಜೆ, ಮಣಿಕಟ್ಟಿಗೆ ಹತ್ತು ನಿಮಿಷ ವ್ಯಾಯಾಮ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕಿಂಗ್ ಇತ್ತು ಅಂತ ಅಪ್ಪ ಅಮ್ಮಂದಿರಿಗೆ ತೋರಿಸಿ, ಅರ್ಧ ಜನ ಒಪ್ತಾರೆ.

ನಮ್ಮಲ್ಲಿ ತುಂಬಾ ಸಿಟ್ಟಿನ ಹುಡುಗ ಒಬ್ಬ ಇದ್ದ, ಗೋಡೆಗೆ ಗುದ್ದೋನು. ಒಂದು ಫ್ರೀಜ್ (ಕುಣೀತಾ ಕುಣೀತಾ ಅಲ್ಲಾಡದೆ ನಿಲ್ಲೋ ಭಂಗಿ) ಕಲಿಯೋಕೆ ಏಳು ವಾರ ಬಿದ್ದ. ಒಂದು ಕೈ ಮೇಲೆ ಎರಡು ಸೆಕೆಂಡ್ ನಿಂತಾಗ ಯಾರ ಮುಖಾನೂ ನೋಡಲಿಲ್ಲ, ತನ್ನ ಕೈ ನೋಡ್ಕೊಂಡ. ಆಮೇಲೆ ಅವನು ಗೋಡೆಗೆ ಗುದ್ದಿದ್ದನ್ನ ನಾನು ನೋಡಿಲ್ಲ. ಕೈ ಹಾಳಾದ್ರೆ ಫ್ರೀಜ್ ಹೋಗುತ್ತಲ್ಲ.

ಅಂತರಗಂಗೆ | ರಾತ್ರಿ 9:30

ನಿನ್ನೆ ಬಿ-ಬಾಯ್ ಹೇಳಿದ್ದನ್ನ ಇವತ್ತು ಊಟಕ್ಕೆ ಕೂತಾಗ ಮಗನ್ನ ಕೇಳಿದೆ. ಮೊದಲು "ಯಾಕೆ?" ಅಂದ. ಬೈಯಲ್ಲ ಅಂತ ಹೇಳಿದ ಮೇಲೆ ಫೋನ್ ತೆಗೆದು ತೋರಿಸಿದ. ನಲವತ್ತಕ್ಕಿಂತ ಜಾಸ್ತಿ ಇವೆ. ಒಂದು ಓದಿದ. ಅದರಲ್ಲಿ ಎರಡು ಕೆಟ್ಟ ಪದ ಇದ್ದವು, ನನಗೆ ಈಗಲೂ ಇಷ್ಟವಾಗಿಲ್ಲ. ಇನ್ನೊಂದು ನನ್ನ ಅಮ್ಮ ತೀರಿಕೊಂಡ ದಿನದ ಬಗ್ಗೆ. ಅವತ್ತು ಅವನಿಗೆ ಹನ್ನೊಂದು ವರ್ಷ. ಅಜ್ಜಿಯ ಎಲೆ ಅಡಿಕೆ ಸಂಚಿ ಯಾರಿಗೂ ಹೇಳದೆ ಅವನು ತೆಗೆದಿಟ್ಟುಕೊಂಡಿದ್ದಾನೆ ಅಂತ ನನಗೆ ಇವತ್ತು ಗೊತ್ತಾಯ್ತು.

ಬೈಗುಳದ ವಿಷಯದಲ್ಲಿ ನನ್ನ ಮಾತು ಹಿಂದಕ್ಕೆ ತಗೊಳ್ಳಲ್ಲ. ಗುಂಪು ನಿಲ್ಲಿಸಿ ಅಂತಲೂ ಹೇಳಲ್ಲ.

ಭಾನುವಾರದ ಅಕ್ಕ | ಬುಧವಾರ ರಾತ್ರಿ 8:50

ಇವತ್ತು ಸಂಜೆ ಆ ಹುಡುಗನ ಮನೆಗೆ ಹೋಗಿದ್ದೆ. ಸಮಾಲೋಚಕಿ ಮೇಡಂ ಫೋನಲ್ಲಿ ಹೇಳಿಕೊಟ್ಟಿದ್ದರು: ಸಮರ್ಥನೆ ಮಾಡಬೇಡಿ, ಮೊದಲು ಕ್ಷಮೆ ಕೇಳಿ, ಆಮೇಲೆ ಸುಮ್ಮನಿರಿ ಅಂತ. ಕೆಳಗೆ ಬರೆದಿದ್ದನ್ನ ಅಪ್ಪ ಮಗ ಇಬ್ಬರಿಗೂ ಓದಿ ತೋರಿಸಿ, ಹಾಕಬಹುದು ಅಂದ ಮೇಲೆ ಹಾಕ್ತಿದ್ದೀನಿ.

ಅವರಪ್ಪ ಹಸುವಿಗೆ ಮೇವು ಹಾಕ್ತಿದ್ದರು. ನಿಂತ ಹಾಗೇ ಕೇಳಿಸಿಕೊಂಡರು. ನಾನು ಸ್ಟೇಜಿಗೆ ಕಳಿಸಿದ್ದು ನನ್ನ ತಪ್ಪು ಅಂದೆ. ತುಂಬಾ ಹೊತ್ತು ಮಾತಿಲ್ಲ. ಆಮೇಲೆ, "ನನ್ನ ತಮ್ಮ ಮೊದಲು ಕೇಳಿದನಲ್ಲ ಮೇಡಂ. ನಾನು ಕೇಳಿರಲೇ ಇಲ್ಲ" ಅಂದರು. ಆಮೇಲೆ ಮಗನ ಕಡೆ ತಿರುಗದೇನೇ, "ಏನ್ ಬರ್ದಿದ್ದೀಯೋ, ಓದು" ಅಂದರು.

ಅವನು ಅದೇ ಮಡಿಸಿದ ಹಾಳೆ ತಂದ. ತಾಳ ಇಲ್ಲದೆ ಓದಿದ. ಅಪ್ಪ ಮೇವಿನ ಕಂತೆ ಕೈಯಲ್ಲೇ ಹಿಡ್ಕೊಂಡಿದ್ದರು. ಮುಗಿದ ಮೇಲೆ ಅವರು ಹೇಳಿದ್ದು ಒಂದೇ ಮಾತು: "ಸಾವಿರದ ಇನ್ನೂರು ಅಲ್ಲ ಕಣೋ. ಸಾವಿರದ ನಾನೂರೈವತ್ತು ಅಡಿ. ಕೊನೇ ಬೋರು ನೀನು ನೋಡ್ಲಿಲ್ಲ, ಪರೀಕ್ಷೆ ಇತ್ತು ನಿಂಗೆ."

ಹುಡುಗ ಪೆನ್ ತಂದು ಅಲ್ಲೇ ತಿದ್ದಿದ. ಭಾನುವಾರ ಕಳಿಸ್ತೀನಿ ಅಂತ ಅವರು ಹೇಳಿಲ್ಲ. ಬೇಡ ಅಂತಲೂ ಹೇಳಿಲ್ಲ. ವಾಪಸ್ ಬರುವಾಗ ಹುಡುಗ ರಸ್ತೆವರೆಗೆ ಬಂದ. ಎರಡು ಸಾಲು ಮಾತ್ರ ಇಲ್ಲಿ ಹಾಕಬಹುದು ಅಂದ, ಉಳಿದಿದ್ದು ತನ್ನ ಹತ್ತಿರ ಇರಲಿ ಅಂದ.

ಸಾವಿರದ ನಾನೂರೈವತ್ತು ಅಡಿ
ಬಂದಿದ್ದು ನೀರಲ್ಲ ಬಂಡೆಯ ಪುಡಿ

"ಮೊದಲನೇ ಸಾಲು ಉದ್ದ ಆಯ್ತು ಅಕ್ಕ, ಬೀಟಿಗೆ ಕೂರಲ್ಲ" ಅಂತ ಅವನಿಗೆ ಚಿಂತೆ.

ಕನ್ನಡ ಮೇಷ್ಟ್ರು (ನಿವೃತ್ತ) | 9:04

ಲಘು-ಗುರು ಹಾಕಿ ನೋಡಿದೆ. ಮೊದಲ ಸಾಲು 16 ಮಾತ್ರೆ. ಎರಡನೆಯದೂ 16. 'ಸಾವಿರ'ದ ನಂತರ ಗಣ ಒಡೆಯುತ್ತದೆ, ಅಲ್ಲಿ ಅವನು ತಾಳಕ್ಕೆ ಅಡ್ಡ ಹೋಗಬೇಕು. ಉದ್ದವಾಗಿಲ್ಲ ಎಂದು ಹೇಳಿ. ಇನ್ನೂರು ಎಂದಿದ್ದಾಗ ಬರೀ ಹನ್ನೆರಡು ಮಾತ್ರೆ, ನಾಲ್ಕು ಕಡಿಮೆ ಬೀಳುತ್ತಿತ್ತು.

ಬಿ-ಬಾಯ್ ಮುಳಬಾಗಿಲು | 9:10

ಅಡ್ಡ ಹೋಗೋದೇ ಫ್ಲೋ ಮೇಷ್ಟ್ರೇ!! ನಿಮಿಷಕ್ಕೆ 90ರ ಬೀಟಿಗೆ ಹೇಳಿ ನೋಡಿದೆ, ಕೂತುಬಿಡ್ತು.

ಹಲಗೆ ಹುಡುಗ | 9:22

ಅಕ್ಕ, ಈ ಭಾನುವಾರ ಬರ್ತೀನಿ. ಕಾಯಿಸೋಕೆ ಹೊರಗೆ ಸ್ವಲ್ಪ ಜಾಗ, ಒಣ ತೆಂಗಿನಗರಿ ಸಿಗುತ್ತಾ?

ಮಾಲೂರು ಅಮ್ಮ | 9:25

ಟೈಮು ಬದಲಾಯಿಸಿದ್ರಾ?

ಭಾನುವಾರದ ಅಕ್ಕ | 9:33

ಮಧ್ಯಾಹ್ನ 2:30ರಿಂದ 4:30 ಅಮ್ಮ. ಪಕ್ಕದ ಅಂಗನವಾಡಿ ಶೌಚಾಲಯದ ಬೀಗದ ಕೈ ಕೇಳಿದ್ದೀನಿ, ಕೊಡ್ತೀನಿ ಅಂದಿದ್ದಾರೆ. ಗರಿ ಸಿಗುತ್ತೆ ತಮ್ಮಾ, ಆ ಹುಡುಗನ ತೋಟದಲ್ಲೇ ಬಿದ್ದಿದ್ದನ್ನ ನೋಡಿ ಬಂದಿದ್ದೀನಿ. ಕೇಳ್ತೀನಿ.